ಶುಕ್ರವಾರ ನೋವಿಲ್ಲ

ನೆಲಕ್ಕೆ ಕೂರುವ ಮುಂಚೆ ಅತ್ತೆ ತಮ್ಮ ಪಾದವನ್ನು ಕೈಯ ಹಿಂಬದಿಯಿಂದ ಒಮ್ಮೆ ಮುಟ್ಟಿ ನೋಡುತ್ತಿದ್ದರು. ಇಸ್ತ್ರಿ ಪೆಟ್ಟಿಗೆ ಕಾದಿದೆಯಾ ಅಂತ ನೋಡುತ್ತೇವಲ್ಲ, ಹಾಗೆ. ಒಳಗಿಂದ ಕೆಂಡದಂತೆ ಉರಿಯುತ್ತಿದೆ ಅನ್ನುವ ಕಾಲು ಹೊರಗಿಂದ ಮುಟ್ಟಿದರೆ ತಣ್ಣಗಿರುತ್ತಿತ್ತು. ನಾನೂ ಮುಟ್ಟಿ ನೋಡಿದ್ದೇನೆ. ಬಾವಿಲ್ಲ, ಕೆಂಪಿಲ್ಲ, ಗಾಯವಿಲ್ಲ. ಎಲ್ಲರ ಕಾಲಿನಂಥದ್ದೇ ಕಾಲು. ಅವರ ಕಷ್ಟ ಶುರುವಾಗುವುದೇ ಅಲ್ಲಿಂದ.

ಅತ್ತೆ ಹೋದ ತಿಂಗಳು ತೀರಿಕೊಂಡರು. ನಮ್ಮವರ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೋ ಹಾಕಿದರು. ಕೆಳಗೆ ಕೈ ಮುಗಿದ ಚಿತ್ರಗಳು ಸಾಲಾಗಿ ಬಂದವು. ಮಧ್ಯಾಹ್ನದ ಹೊತ್ತಿಗೆ ಯಾರದ್ದೋ ಮನೆ ಗೃಹಪ್ರವೇಶದ ಪತ್ರಿಕೆ ಬಂದು ಅದು ಮೇಲಕ್ಕೆ ಹೋಯಿತು. ಅವರ ಬಗ್ಗೆ ಯಾರೂ ಒಂದು ಸಾಲು ಬರೆಯಲಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ, ಫೋನಿನಲ್ಲಿ, ಬಸ್ಸಿನಲ್ಲಿ ಕೂತು. ನಮ್ಮ ಓಣಿಯಲ್ಲಿ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಓದಬಲ್ಲವರು ಒಂದು ಕೈಯ ಬೆರಳಿನಷ್ಟೂ ಇಲ್ಲ. ನಾನೂ ಹತ್ತೊಂಬತ್ತನೇ ವಯಸ್ಸಿನಲ್ಲಿ ವಿಡಿಯೋ ನೋಡಿ ನೋಡಿ ಕಲಿತವಳು. ತಪ್ಪಿದ್ದರೆ ಮನ್ನಿಸಿ. ಹೆಸರು ಮಾತ್ರ ಹಾಕುವುದಿಲ್ಲ. ಯಾಕೆ ಅಂತ ಓದುತ್ತಾ ನಿಮಗೇ ಗೊತ್ತಾಗುತ್ತದೆ.

ನಮ್ಮದು ಕೋಯಮತ್ತೂರಿನ ಹತ್ತಿರದ ಕರುಮತ್ತಂಪಟ್ಟಿ. ಮಗ್ಗದ ಸದ್ದು ನಿಂತರೆ ಮಲಗಿದವರಿಗೆ ಎಚ್ಚರವಾಗುತ್ತದೆ, ಅಂಥ ಊರು. ಅತ್ತೆ ನನಗೆ ರಕ್ತ ಸಂಬಂಧವಲ್ಲ, ಪಕ್ಕದ ಮನೆಯವರು. ಕೆಲಸ ಎಳೆ ಹೊಸೆಯುವುದು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಗ್ಗದಲ್ಲಿ ಉದ್ದಕ್ಕೆ ಓಡುವ ಎಳೆಗಳ ಹಾಸನ್ನು ನಾವು ಪಾವು ಅನ್ನುತ್ತೇವೆ. ಅದು ನೇಯ್ದು ಮುಗಿದಾಗ ಹೊಸ ಪಾವು ಸುತ್ತಿದ ಉರುಳೆಯನ್ನು ತಂದು ಏರಿಸುತ್ತಾರೆ. ಹಳೇ ಪಾವಿನ ಒಂದೊಂದು ಎಳೆಗೂ ಹೊಸದರ ಒಂದೊಂದು ಎಳೆಯನ್ನು ಬೆರಳಲ್ಲಿ ಹೊಸೆದು ಸೇರಿಸಬೇಕು. ಸಾವಿರಾರು ಎಳೆ. ಬೆರಳು ಜಾರದಿರಲಿ ಅಂತ ಬೂದಿ ಮುಟ್ಟಿಕೊಂಡು ಹೊಸೆಯುತ್ತಾರೆ. ಇಬ್ಬರು ಹೆಂಗಸರು ಮಗ್ಗದ ಸಂದಿಯಲ್ಲಿ ಕಾಲು ಮಡಚಿ ಕೂತು, ಒಬ್ಬರು ಈ ಅಂಚಿನಿಂದ, ಇನ್ನೊಬ್ಬರು ಆ ಅಂಚಿನಿಂದ ಶುರು ಮಾಡಿ ನಡುವಿನಲ್ಲಿ ಬಂದು ಸೇರಬೇಕು. ಮುಗಿಯುವ ತನಕ ಏಳುವ ಹಾಗಿಲ್ಲ.

ಅತ್ತೆಗೆ ಒಬ್ಬರು ಜೋಡಿ ಇದ್ದರು. ಇಬ್ಬರೂ ಮದುವೆಯಾಗಿ ಊರಿಗೆ ಬಂದ ವರ್ಷದಿಂದ ಒಟ್ಟಿಗೆ ಹೊಸೆದವರು. ಅತ್ತೆ ಅವರನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, "ಏ ಜೋಡಿ" ಅಷ್ಟೇ. ಆದ್ದರಿಂದ ನನಗೂ ಅವರು ಜೋಡಿ ಅಕ್ಕ. ಒಂದು ಮಗ್ಗದ ಶೆಡ್ಡಿನಿಂದ ಇನ್ನೊಂದು ಶೆಡ್ಡಿಗೆ ಇಬ್ಬರೂ ನಡೆದು ಹೋಗುವಾಗ ಅತ್ತೆ ಮುಂದೆ, ಜೋಡಿ ಅಕ್ಕ ಎರಡು ಹೆಜ್ಜೆ ಹಿಂದೆ. ಕಾಯಿಲೆ ಬಂದ ಮೇಲೆ ಇದು ತಿರುಗಿತು. ಜೋಡಿ ಅಕ್ಕ ಮುಂದೆ ಹೋಗಿ ಹೋಗಿ ನಿಲ್ಲುತ್ತಿದ್ದರು, ಚಪ್ಪಲಿಯಲ್ಲಿ ಕಲ್ಲು ಸಿಕ್ಕಿದವರ ಹಾಗೆ ಬಗ್ಗುತ್ತಿದ್ದರು. ಕಾಯುತ್ತಿದ್ದೇನೆ ಅಂತ ತೋರಿಸಿಕೊಳ್ಳಬಾರದಲ್ಲ.

ಕಾಯಿಲೆ ಅಂದೆ. ಆದರೆ ಅದಕ್ಕೆ ಹೆಸರಿರಲಿಲ್ಲ. ಮೊದಲು ಪಾದದ ಉರಿ ಬಂತು. ಆಮೇಲೆ ಭುಜ. ಆಮೇಲೆ ಕೆಲವು ದಿನ ಬೆಳಕು ಕಂಡರೆ ಆಗದು, ಕೆಲವು ದಿನ ಸೀರೆಯ ಅಂಚು ತಾಗಿದರೂ ಆಗದು, ಕೆಲವು ದಿನ ಏನೂ ಇಲ್ಲ. ಸಕ್ಕರೆ ನೋಡಿದರು, ಇಲ್ಲ. ಥೈರಾಯ್ಡ್ ನೋಡಿದರು, ಇಲ್ಲ. ಬೆನ್ನಿನ ಸ್ಕ್ಯಾನ್, ನರದ ಪರೀಕ್ಷೆ ಎಲ್ಲ ಆಯಿತು. ನೀಲಿ ವಯರಿನಲ್ಲಿ ಹೆಣೆದ ಒಂದು ಬುಟ್ಟಿ ತುಂಬಾ ಎಕ್ಸ್‌ರೇ, ಸ್ಕ್ಯಾನ್ ಫಿಲ್ಮುಗಳು, ಚೀಟಿಗಳು. ಪ್ರತಿ ಡಾಕ್ಟರೂ ಬೆಳಕಿಗೆ ಹಿಡಿದು ನೋಡಿ, "ಎಲ್ಲಾಂ ನಾರ್ಮಲ್ ಮಾ" ಅಂದು ಕೈಗೆ ಕೊಡುತ್ತಿದ್ದರು. ಅತ್ತೆ ಮನೆಗೆ ಬಂದು, ನಾರ್ಮಲ್ ಅನ್ನೋ ಊರಿಗೆ ಎಷ್ಟು ಸಲ ಬಸ್ಸು ಹತ್ತೋದು ಅಮ್ಮಣಿ, ಅಲ್ಲಿ ನಂಗೆ ಯಾರೂ ಇಲ್ಲ ಅಂದಿದ್ದರು.

ಔಷಧ ಹೇಳದವರಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರೂ ಹೇಳಿದರು. ಒಬ್ಬರ ಮಾತು ಕೇಳಿ ಅಂಗಾಲಿಗೆ ಮದರಂಗಿ ಅರೆದು ಹಚ್ಚಿಕೊಂಡರು. ಐವತ್ತರ ಹತ್ತಿರದ ಹೆಂಗಸು ಕೆಂಪು ಕಾಲಿಟ್ಟುಕೊಂಡು ಶೆಡ್ಡಿಗೆ ಹೋದರೆ ಬಿಡುತ್ತಾರೆಯೇ? ಮಗ್ಗ ಓಡಿಸುವವನೊಬ್ಬ, ಏನತ್ತೆ ಮದುವೆಯಾ, ನಮಗೆ ಹೇಳಲೇ ಇಲ್ಲ ಅಂದನಂತೆ. ಚಿಕ್ಕವರನ್ನೆಲ್ಲ ಕಣ್ಣು ಅಂತ ಕರೆಯುವ ಅತ್ತೆ ಬೂದಿ ಮುಟ್ಟಿಕೊಳ್ಳುತ್ತಾ, "ಹೂಂ ಕಣ್ಣು, ನೋವನ್ನೇ ಕಟ್ಕೊಂಡಿದೀನಿ. ಒಳ್ಳೇ ಗಂಡ, ಒಂದಿನಾನೂ ಬುಟ್ಟು ಹೋಗಲ್ಲ" ಅಂದರಂತೆ. ಶೆಡ್ಡಿನಲ್ಲಿ ಎಲ್ಲರೂ ನಕ್ಕರಂತೆ. ಅತ್ತೆಯ ತೊಂದರೆಯೇ ಅದು. ನಗಿಸುವವರ ನೋವನ್ನು ಯಾರು ನಂಬುತ್ತಾರೆ?

ಇನ್ನೊಂದು ತೊಂದರೆ ಆ ಏನೂ ಇಲ್ಲದ ದಿನಗಳು. ನೋವಿನ ದಿನಗಳಲ್ಲಿ ಅತ್ತೆಯ ಕೈ ನಿಧಾನವಾಗುತ್ತಿತ್ತು. ಜೋಡಿ ಅಕ್ಕ ಮಾತಾಡದೆ ನಡು ದಾಟಿ ಬಂದು ಅತ್ತೆಯ ಪಾಲಿನ ಎಳೆಗಳನ್ನೂ ಹೊಸೆದುಬಿಡುತ್ತಿದ್ದರು. ಅತ್ತೆಗೆ ಅದನ್ನು ತಡೆಯಲು ಆಗುತ್ತಿರಲಿಲ್ಲ. ಹಾಗಾಗಿ ಕಾಲು ಸುಮ್ಮನಿದ್ದ ದಿನ ಆ ಋಣ ತೀರಿಸಲು ಹೋಗುತ್ತಿದ್ದರು. ತಾನೇ ನಡು ದಾಟಿ, ಜೋಡಿ ಅಕ್ಕನ ಪಾಲಿನ ಅರ್ಧ ಮುಗಿಸಿ, ಸಂಜೆ ಮನೆಯಲ್ಲಿ ಹಿಟ್ಟು ರುಬ್ಬಿ, ಮದುವೆ ಮನೆಯಲ್ಲಿ ನಿಂತು ಬಡಿಸಿ ಬರುತ್ತಿದ್ದರು. ಮುಂದಿನ ಮೂರು ದಿನ ಏಳಲಾಗುತ್ತಿರಲಿಲ್ಲ. ಜನ ನೋಡುತ್ತಿದ್ದದ್ದು ಬಡಿಸಿದ್ದನ್ನು. ಮಲಗಿದ್ದನ್ನು ನೋಡಲು ಯಾರೂ ಬರುತ್ತಿರಲಿಲ್ಲ. ಶೆಡ್ಡಿನ ಮಾಲೀಕರು ಒಮ್ಮೆ ಎಲ್ಲರ ಎದುರು, ನಿನ್ನೆ ಆದದ್ದು ಇವತ್ತು ಯಾಕೆ ಆಗಲ್ಲ ಅಂತ ಕೇಳಿದರಂತೆ. ನನಗೂ ಅದೇ ಗೊತ್ತಾಗಲ್ಲ ಸಾಮಿ ಅಂದರಂತೆ ಅತ್ತೆ.

ಮಾಮನ ಬಗ್ಗೆ ಹೇಳಬೇಕು, ಅತ್ತೆಯ ಗಂಡ. ಮಗ್ಗ ಓಡಿಸುವವರು. ಕೆಟ್ಟವರಲ್ಲ. ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ಪ್ರತಿ ಆಸ್ಪತ್ರೆಗೂ ಆ ನೀಲಿ ಬುಟ್ಟಿ ಹಿಡಿದುಕೊಂಡು ಹಿಂದೆ ಹೋದವರು ಅವರೇ. ಆದರೆ ಪ್ರತಿ ನಾರ್ಮಲ್‌ಗೂ ಅವರ ಮುಖ ಸ್ವಲ್ಪ ಸ್ವಲ್ಪ ಮುಚ್ಚಿಕೊಂಡಿತು. ಮೊದಲ ವರ್ಷ, ಹೆಂಗಿದೆ ಅಂತ ಕೇಳುತ್ತಿದ್ದರು. ಆಮೇಲೆ ಕೇಳುವುದು ಬಿಟ್ಟರು. ಅತ್ತೆಗೆ ಊರವರ ಮಾತು ಅಷ್ಟು ತಾಗುತ್ತಿರಲಿಲ್ಲ. ಈ ಮನುಷ್ಯ ನಂಬಬೇಕು, ಅಷ್ಟೇ ಬೇಕಾಗಿತ್ತು ಅವರಿಗೆ.

ಆಮೇಲೆ ಒಬ್ಬ ಹೊಸ ಡಾಕ್ಟರ್ ಸಿಕ್ಕಿದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವರು ಫಿಲ್ಮುಗಳನ್ನು ಬುಟ್ಟಿಯಿಂದ ತೆಗೆಯಲೇ ಇಲ್ಲವಂತೆ. ಅತ್ತೆಯ ಮುಖ ನೋಡಿ, ನೋವು ಇದೆ, ಅದು ಸುಳ್ಳಲ್ಲ, ಕೆಲವು ಸಲ ಗಾಯ ಇಲ್ಲದೆಯೂ ನರಗಳು ಕೂಗುತ್ತವೆ, ಯಾಕೆ ಅಂತ ನಮಗೇ ಪೂರ್ತಿ ಗೊತ್ತಿಲ್ಲ ಅಂದರಂತೆ. ಮೂರು ತಿಂಗಳು ಆ ಕಾಲು ಮಡಚಿ ಕೂರುವ ಕೆಲಸ ಬಿಡಿ, ಆಮೇಲೆ ಸ್ವಲ್ಪ ಸ್ವಲ್ಪ ಶುರು ಮಾಡಿ, ದಿನಾ ಹೇಗಿದೆ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ ಅಂದರಂತೆ. ಅವತ್ತು ಅತ್ತೆ ಬಸ್ಸಿಳಿದು ನಡೆದು ಬಂದದ್ದು ನನಗೆ ಇನ್ನೂ ನೆನಪಿದೆ. ಕೈಯಲ್ಲಿ ತುಂಬಿದ ಪಾತ್ರೆ ಇದ್ದು, ಅದು ತುಳುಕಬಾರದು ಅನ್ನುವ ಹಾಗೆ ನಡೆದರು.

ಮಾಮ ಇಲ್ಲ ಅನ್ನಲಿಲ್ಲ. ಎರಡು ತಿಂಗಳು ಬರೆದು ನೋಡೋಣ, ಅದರಲ್ಲಿ ಏನು ಬರುತ್ತದೋ ನೋಡಿ ಕೆಲಸ ಬಿಡಿಸುತ್ತೇನೆ ಅಂದರು. ಅಂದರೆ ಆ ಮೂರು ತಿಂಗಳ ವಿಶ್ರಾಂತಿ ಈಗ ಒಂದು ನೋಟ್‌ಬುಕ್ಕಿನ ಮೇಲೆ ನಿಂತಿತು. ಅತ್ತೆಗೆ ಬರೆಯಲು ಬೇಸರ. ಐದನೇ ಕ್ಲಾಸಿನ ತಮಿಳು, ಅದೂ ಮರೆತಿತ್ತು. ನಾನು ಮುಂದೆ ಬಂದೆ. ನನಗೆ ಆಗ ಹೊಸದಾಗಿ ಕಲಿತ ಅಕ್ಷರದ ಹುಚ್ಚು. ಅತ್ತೆ, ನೀವು ಹೇಳಿ, ನಮ್ಮ ಮಾತಿನಲ್ಲೇ ಬರೆಯುತ್ತೇನೆ ಅಂದೆ. ನಮ್ಮ ಮಾತು ಪೇಪರ್ ಮೇಲೆ ನಿಲ್ಲುತ್ತಾ ಅಂತ ಅವರಿಗೆ ಆಶ್ಚರ್ಯ. ಮೊದಲ ದಿನ ಬರೆದದ್ದನ್ನು ಬೆರಳಿಂದ ಸವರಿ ನೋಡಿದರು.

ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕಂಪ್ಯೂಟರ್ ಕೆಲಸ ಮುಗಿಸಿ ಸಂಜೆ ಬಸ್ಸಿಳಿದವಳು ನೇರ ಅವರ ಜಗುಲಿಗೆ ಹೋಗುತ್ತಿದ್ದೆ. ಅವರು ಒದ್ದೆ ಗೋಣಿಚೀಲದ ಮೇಲೆ ಪಾದ ಇಟ್ಟುಕೊಂಡು ಹೇಳುತ್ತಿದ್ದರು. ಅವರು ಹೇಳಿದ್ದನ್ನು ಹಾಗೇ ಬರೆದಿದ್ದೇನೆ, ಆ ನೋಟ್‌ಬುಕ್ಕು ಈಗಲೂ ನನ್ನ ಹತ್ತಿರ ಇದೆ. "ಇವತ್ತು ಪಾದದೊಳಗೆ ಯಾರೋ ಉಪ್ಪು ಹುರೀತಾ ಅವ್ರೆ." "ಭುಜದ ಮೇಲೆ ಯಾರೋ ಬಂದು ಕೂತವ್ರೆ, ನೆಂಟ್ರು ಹಂಗೆ, ಎದ್ದು ಹೋಗು ಅನ್ನಕ್ಕಾಗಲ್ಲ." "ಇವತ್ತು ಮೈಯೆಲ್ಲಾ ಬೇರೆಯೋರ್ದು, ನಾನು ಬಾಡಿಗೆಗೆ ಇದೀನಿ." ಹತ್ತಕ್ಕೆ ಎಷ್ಟು ಅತ್ತೆ ಅಂತ ಕೇಳಿ ಪಕ್ಕದಲ್ಲಿ ಒಂದು ಅಂಕಿ ಹಾಕುತ್ತಿದ್ದೆ. ಅದು ನಾನು ಇಂಟರ್ನೆಟ್ಟಿನಲ್ಲಿ ಓದಿ ಕಲಿತದ್ದು. ಏಳು, ಎಂಟು, ಐದು, ಒಂಬತ್ತು. ಕೆಲವು ದಿನ ಚೆನ್ನಾಗಿದೀನಿ ಬುಡು ಅಮ್ಮಣಿ ಅನ್ನುತ್ತಿದ್ದರು. ಅವತ್ತು ಸೊನ್ನೆ.

ಎರಡು ತಿಂಗಳಾಯಿತು. ಆಫೀಸಿನಲ್ಲಿ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಆ ಅಂಕಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದೆ. ಜಾಸ್ತಿ ನೋವಿಗೆ ಕೆಂಪು, ಕಡಿಮೆಗೆ ಹಳದಿ, ಇಲ್ಲದ್ದಕ್ಕೆ ಹಸಿರು. ವಾರಗಳನ್ನು ಒಂದರ ಕೆಳಗೆ ಒಂದು ಇಟ್ಟೆ. ನೋಡುತ್ತೇನೆ, ಒಂದು ಸಾಲು ಮೇಲಿಂದ ಕೆಳಗೆ ಪೂರ್ತಿ ಹಸಿರು. ಶುಕ್ರವಾರ. ಎಲ್ಲ ಶುಕ್ರವಾರವೂ ಸೊನ್ನೆ. ಗುರುವಾರ ಎಂಟು, ಶನಿವಾರ ಒಂಬತ್ತು ಇದ್ದ ವಾರದಲ್ಲೂ ಶುಕ್ರವಾರ ಸೊನ್ನೆ. ನನಗೆ ಹೆಮ್ಮೆಯೋ ಹೆಮ್ಮೆ. ಅಷ್ಟು ದೊಡ್ಡ ದೊಡ್ಡ ಡಾಕ್ಟರಿಗೆ ಕಾಣದ್ದು ನನಗೆ ಕಂಡಿತಲ್ಲ ಅಂತ. ಅವತ್ತೇ ಮಧ್ಯಾಹ್ನ ಇನ್ನಷ್ಟು ಓದಿದೆ. ಮನಸ್ಸಿಗೆ ನೆಮ್ಮದಿ ಇದ್ದರೆ ನೋವು ಇಳಿಯುತ್ತದೆ ಅಂತ ಎಲ್ಲೋ ಇತ್ತು. ಶುಕ್ರವಾರ ಅತ್ತೆ ತಲೆಗೆ ಸ್ನಾನ ಮಾಡಿ, ಚೌಡಮ್ಮನ ಗುಡಿಗೆ ಹೋಗಿ, ಸಂಜೆ ದೀಪ ಹಚ್ಚುತ್ತಾರೆ. ಸರಿ, ಸಿಕ್ಕಿತು ಅಂದುಕೊಂಡೆ. ಒಂದು ದಿನ ಕಾಯುವ ತಾಳ್ಮೆಯೂ ಇರಲಿಲ್ಲ. ಪ್ರಿಂಟ್ ತೆಗೆದುಕೊಂಡು ಬಸ್ಸು ಹತ್ತಿದೆ.

ಅವತ್ತೂ ಶುಕ್ರವಾರವೇ. ನಾನು ಹೋದಾಗ ಅತ್ತೆ ಆಗಷ್ಟೇ ದೀಪ ಹಚ್ಚಿದ್ದರು. ಮನೆ ತುಂಬಾ ಸಾಂಬ್ರಾಣಿ ಹೊಗೆ. ಮಾಮ ಗೋಡೆಗೆ ಒರಗಿ ಕೂತಿದ್ದರು. ಜೋಡಿ ಅಕ್ಕ ಕುಂಕುಮಕ್ಕೆ ಬಂದು ಬಾಗಿಲ ಹತ್ತಿರ ನಿಂತಿದ್ದರು. ನಾನು ಪೇಪರ್ ನೆಲದ ಮೇಲೆ ಹರಡಿ ಮಾಮನಿಗೆ ಬಣ್ಣ ತೋರಿಸಿದೆ. ಇದು ನೋವು, ಇದು ನೋವಿಲ್ಲ. ನೋಡಿ ಮಾಮ, ಶುಕ್ರವಾರ ಒಂದು ಸಲವೂ ಇಲ್ಲ. ಮನಸ್ಸು ನೆಮ್ಮದಿಯಾದರೆ ನೋವು ಬರುವುದೇ ಇಲ್ಲ. ಇನ್ನೂ ಏನೇನೋ ಹೇಳಿದೆ. ಎಷ್ಟು ಹೊತ್ತು ಮಾತಾಡಿದೆ ಅಂತ ನೆನಪಿಲ್ಲ.

ಮಾಮ ಪೇಪರನ್ನು ತುಂಬಾ ಹೊತ್ತು ನೋಡಿದರು. ಅಕ್ಷರ ಗೊತ್ತಿಲ್ಲದಿದ್ದರೂ ಹಸಿರು ಸಾಲು ಯಾರಿಗಾದರೂ ಕಾಣುತ್ತದೆ. ಆಮೇಲೆ ಅತ್ತೆಯ ಕಡೆ ತಿರುಗಿ, "ವೆಳ್ಳಿಕ್ಕಿಳಮೆ ಬರಲ್ವಾ ನೋವು? ನಿಜ ತಾನಾ?" ಅಂದರು. ವೆಳ್ಳಿಕ್ಕಿಳಮೆ ಅಂದರೆ ಶುಕ್ರವಾರ. ನಾವು ಮನೆಯಲ್ಲೂ ವಾರದ ಹೆಸರನ್ನು ತಮಿಳಿನಲ್ಲೇ ಹೇಳುವುದು.

ಅತ್ತೆ ದೀಪದ ಕಡೆ ನೋಡಿದರು. ಕುಂಕುಮದ ಬಟ್ಟಲು ತಂದು ಜೋಡಿ ಅಕ್ಕನಿಗೆ ಇಟ್ಟರು, ನನಗೂ ಇಟ್ಟರು. "ಚೆಂದಾಗಿ ಬರ್ದಿದ್ದಿ ಅಮ್ಮಣಿ" ಅಂದರು.

"ಹಂಗಾದ್ರೆ ಮನಸು ತಾನೆ" ಅಂದರು ಮಾಮ. ಕೋಪದಿಂದ ಅಲ್ಲ, ಸಮಾಧಾನದಿಂದಲೇ ಅಂದರು. ಎಷ್ಟೋ ವರ್ಷದಿಂದ ಕಟ್ಟಿಕೊಂಡಿದ್ದ ಏನೋ ಒಂದು ಬಿಚ್ಚಿದ ಹಾಗೆ ಅವರ ಮುಖ ಇತ್ತು.

ಮೂರು ತಿಂಗಳ ಮಾತು ಅಲ್ಲಿಗೆ ಮುಗಿಯಿತು. ಕೆಲಸ ಬಿಡಿಸಲಿಲ್ಲ, ಗುಡಿಗೆ ಹೋಗುವುದನ್ನು ಹೆಚ್ಚು ಮಾಡಿಸಿದರು. ಮಂಗಳವಾರ, ಶುಕ್ರವಾರ ನೂರೆಂಟು ಸುತ್ತು, ಬರಿಗಾಲಿನಲ್ಲಿ. ಆ ಉರಿಯುವ ಕಾಲಿನಲ್ಲಿ. ಡಾಕ್ಟರಮ್ಮನ ಹತ್ತಿರ ಮತ್ತೆ ಹೋಗಲಿಲ್ಲ. ಯಾರು ಕೇಳಿದರೂ ಮಾಮ, ಹುಡುಗಿಯೇ ಕಂಪ್ಯೂಟರಲ್ಲಿ ಹಾಕಿ ಕಂಡುಹಿಡಿದಳು, ಎಲ್ಲಾ ಮನಸಂತೆ ಅನ್ನುತ್ತಿದ್ದರು.

ಒಂದು ವಾರ ಕಳೆದು ಬಸ್ ಸ್ಟಾಪಿನಲ್ಲಿ ಜೋಡಿ ಅಕ್ಕ ಸಿಕ್ಕಿದರು. ಅವರು ಯಾವತ್ತೂ ಮಾತು ಕಡಿಮೆ. ಪಕ್ಕದಲ್ಲಿ ನಿಂತರು. ಬಸ್ಸು ಬರುವ ದಿಕ್ಕಿಗೇ ನೋಡುತ್ತಾ ಕೇಳಿದರು.

"ನಿಮ್ಮವ್ವ ವೆಳ್ಳಿಕ್ಕಿಳಮೆ ತಲೆನೋವು ಅಂದಿದ್ದು ಯಾವತ್ತಾದ್ರೂ ಕೇಳಿದಿಯಾ?"

ನಾನು ಯೋಚಿಸಿದೆ. ಇಲ್ಲ. ಒಂದು ಸಲವೂ ಇಲ್ಲ. ನಮ್ಮ ಅಜ್ಜಿಯೂ ಅಂದಿಲ್ಲ. ಶುಕ್ರವಾರ ಮನೆಯಲ್ಲಿ ಇಲ್ಲ ಅನ್ನಬಾರದು, ಸಾಕು ಅನ್ನಬಾರದು, ನೋವು ಅನ್ನಬಾರದು. ದೀಪ ಉರಿಯುವಾಗ ಬಾಯಿಂದ ಬಂದದ್ದು ಮನೆಯಲ್ಲೇ ನಿಂತುಬಿಡುತ್ತದೆ. ಜ್ವರ ಬಂದು ಮಲಗಿದ್ದರೂ ನಮ್ಮವ್ವ ಶುಕ್ರವಾರ ಚೆನ್ನಾಗಿದ್ದೇನೆ ಅಂತಲೇ ಹೇಳುತ್ತಾರೆ. ನಾನು ಅದೇ ಮನೆಯಲ್ಲಿ ಬೆಳೆದವಳು. ಇಪ್ಪತ್ತು ವರ್ಷ ಕೇಳಿಸಿಕೊಂಡಿದ್ದು ಒಂದು ಸೊನ್ನೆ ಬರೆಯುವಾಗ ನೆನಪಿಗೆ ಬರಲಿಲ್ಲ. ಮಾಮ ಅದನ್ನು ಕೇಳುವ ಹಾಗೆ ಮಾಡಿದ್ದೂ ಶುಕ್ರವಾರವೇ, ದೀಪದ ಎದುರೇ. ಅತ್ತೆ ಹೇಗೆ ಇಲ್ಲ, ನೋವಿದೆ ಅನ್ನುತ್ತಾರೆ?

"ನೀ ಪೇಪರ್ ತಂದ ದಿನ ಅವಳು ಅರ್ಧ ಪಾವೂ ಹೊಸೆದಿಲ್ಲ" ಅಂದರು ಜೋಡಿ ಅಕ್ಕ. "ಮಿಕ್ಕಿದ್ದು ನಾನು."

ಬಸ್ಸು ಬಂತು, ಹತ್ತಿ ಹೋದರು. ನಾನು ಹತ್ತಲಿಲ್ಲ. ನೇರ ಮಾಮ ಕೆಲಸ ಮಾಡುವ ಶೆಡ್ಡಿಗೆ ಹೋದೆ. ಮಗ್ಗದ ಸದ್ದಿನಲ್ಲಿ ಕಿವಿಯ ಹತ್ತಿರ ಕೂಗಿ ಹೇಳಬೇಕಾಯಿತು. ಮಾಮ, ನಾನು ಬರೆದದ್ದು ತಪ್ಪು, ಶುಕ್ರವಾರ ಅವರು ಹೇಳಲಿಲ್ಲ ಅಷ್ಟೇ, ನೋವು ಇತ್ತು. ಮಾಮ ಹೊರಗೆ ಬಂದರು. ಕೈ ಒರೆಸಿಕೊಂಡು ನಕ್ಕರು. ಅತ್ತೆ ಹೇಳಿ ಕಳಿಸಿದಳಾ ಅಂತ ಕೇಳಿದರು. ಇಲ್ಲ ಅಂದೆ. ನಂಬಲಿಲ್ಲ. ನೀನು ನೋಡಿ ನೋಡಿ ದಿನಾ ಬರೆದದ್ದು ನಿಜವೋ, ಈಗ ಓಡಿ ಬಂದು ಹೇಳುವುದು ನಿಜವೋ ಅಂದರು. ಮತ್ತೆ ಮಗ್ಗದ ಹತ್ತಿರ ಹೋದರು.

ಸಂಜೆ ಅತ್ತೆಯ ಮುಂದೆ ಕೂತು ಅತ್ತೆ. ಅಲ್ಲ, ಅತ್ತುಬಿಟ್ಟೆ ಅಂತ ಬರೆಯಬೇಕು. ಅವರು ನನ್ನ ತಲೆ ಸವರಿದರು. ಶನಿವಾರವಾದರೂ ಮಾಮನಿಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ.

"ಬಾಯಲ್ಲಿ ಹೇಳಿದ್ದು ಇಷ್ಟು ವರ್ಷ ಆಗಿಲ್ಲ ಕಣ್ಣು. ಪೇಪರ್ ಹೇಳ್ತದೆ ಅಂತ ಆಸೆ ಇಟ್ಟಿದ್ದೆ. ಪೇಪರೂ ಹಂಗೆ ಹೇಳ್ತು. ಇನ್ನ ಯಾರಿಗೆ ಹೇಳೋದು."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಆದರೆ ಅವತ್ತಿನಿಂದ ನನಗೆ ಒಂದು ದಿನವೂ ನೋವು ಹೇಳಲಿಲ್ಲ. ಹೆಂಗಿದೀರ ಅತ್ತೆ ಅಂದರೆ, ಚೆನ್ನಾಗಿದೀನಿ ಅಮ್ಮಣಿ, ಊಟ ಆಯ್ತಾ ಅನ್ನುತ್ತಿದ್ದರು. ನನ್ನ ಮಟ್ಟಿಗೆ ಆ ಮನೆಯಲ್ಲಿ ಎಲ್ಲ ದಿನವೂ ಶುಕ್ರವಾರವಾಯಿತು.

ಹೀಗೆ ಎರಡು ವರ್ಷ. ಅವರು ಹೊಸೆಯುತ್ತಲೇ ಇದ್ದರು. ಶೆಡ್ಡಿನ ಮೂಲೆಯ ಸಿಮೆಂಟ್ ತೊಟ್ಟಿಯಲ್ಲಿ ಕಾಲು ಅದ್ದಿಕೊಂಡು ನಿಂತಿರುವುದನ್ನು ಒಂದೆರಡು ಸಲ ನೋಡಿದೆ. ನನ್ನನ್ನು ಕಂಡ ಕೂಡಲೇ ಕಾಲು ತೆಗೆದು, ಧೂಳು ತೊಳೆಯುತ್ತಿದ್ದೆ ಅಂದರು. ಜೋಕು ಕಡಿಮೆಯಾದವು. ತೂಕ ಇಳಿಯಿತು. ಮನಸು ಸರಿ ಮಾಡ್ಕೊ ಅಂತ ಯಾರಾದರೂ ಹೇಳಿದರೆ ತಲೆಯಾಡಿಸುತ್ತಿದ್ದರು, ಅಂಗಡಿಯವನು ಕೊಟ್ಟ ಚಿಲ್ಲರೆ ಎಣಿಸದೆ ಇಟ್ಟುಕೊಳ್ಳುವವರ ಹಾಗೆ.

ಈ ವರ್ಷದ ಆರಂಭದಲ್ಲಿ ಊರಿನ ಕಲ್ಯಾಣ ಮಂಟಪದಲ್ಲಿ ಉಚಿತ ಆರೋಗ್ಯ ಶಿಬಿರ ನಡೆಯಿತು. ತೂಕ ಇಳಿದದ್ದು ನೋಡಿ ಯಾರೋ ಹೊಟ್ಟೆಯ ಸ್ಕ್ಯಾನಿಗೆ ಬರೆದರು. ಮೂತ್ರಪಿಂಡದಲ್ಲಿ ಗಡ್ಡೆ ಕಂಡಿತು. ಕೋಯಮತ್ತೂರಿನ ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು. ಇಂಗ್ಲಿಷ್ ಓದಲು ಬೇಕು ಅಂತ ಮಾಮ ನನ್ನನ್ನೂ ಕರೆದರು. ಎಷ್ಟೋ ದಿನದ ಮೇಲೆ ಮೂವರೂ ಒಂದೇ ಸೀಟಿನಲ್ಲಿ ಕೂತು ಹೋದೆವು. ಮಾಮ ದಾರಿಯುದ್ದಕ್ಕೂ ಆ ನೀಲಿ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಅಲ್ಲಿ ಎಲ್ಲ ಪರೀಕ್ಷೆ ಮುಗಿದು, ಮಾಮ ಕೆಳಗೆ ಔಷಧ ತರಲು ಸಾಲಿನಲ್ಲಿ ನಿಂತಿದ್ದಾಗ ಡಾಕ್ಟರ್ ನಮ್ಮಿಬ್ಬರನ್ನು ಕರೆದರು. ವಯಸ್ಸಾದವರು, ನಿಧಾನದ ಮನುಷ್ಯ. ಗಡ್ಡೆ ಬೇರೆ ಕಡೆಗೂ ಹರಡಿದೆ, ಆಪರೇಷನ್ ಮಾಡುವ ಹಂತ ದಾಟಿದೆ ಅಂತ ತಮಿಳಿನಲ್ಲಿ ಮೆಲ್ಲಗೆ ಹೇಳಿದರು. ಮಾತ್ರೆ ಕೊಡೋಣ, ನೋಡೋಣ ಅಂದರು. ನಾನು ಮಾಮ ಬಂದರಾ ಅಂತ ಬಾಗಿಲ ಕಡೆ ನೋಡಿದೆ. ಅತ್ತೆ ಮಾತ್ರ ಮುಂದಕ್ಕೆ ಬಾಗಿ ಕೂತರು. ಅವರ ಕಣ್ಣಿನಲ್ಲಿ ಏನೋ ಒಂದು ಆಸೆ ಇತ್ತು. ಸಾವಿನ ಸುದ್ದಿ ಕೇಳಿದವರ ಮುಖದಲ್ಲಿ ಅದು ಇರಬಾರದು. ನನಗೆ ಅರ್ಥವಾಗಲಿಲ್ಲ. ಅವರು ಕೇಳಿದಾಗ ಅರ್ಥವಾಯಿತು. ಇಷ್ಟು ವರ್ಷ ಕಾಲು ಉರಿದದ್ದು, ಭುಜ ನೊಂದದ್ದು, ಎಲ್ಲ ಇದರಿಂದಲೇ ತಾನೇ ಸಾಮಿ?

ಡಾಕ್ಟರ್ ಹಳೇ ಚೀಟಿಗಳನ್ನು ತಿರುವಿ ನೋಡಿದರು. ಇಲ್ಲಮ್ಮ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಆ ನೋವು ಶುರುವಾದ ಎಷ್ಟೋ ವರ್ಷದ ಮೇಲೆ ಇದು ಬಂದಿರಬೇಕು, ಇದು ಇಲ್ಲಿ ತನಕ ನೋವೇ ಕೊಟ್ಟಿಲ್ಲ ಅಂದರು. ಅತ್ತೆ ಹಿಂದಕ್ಕೆ ಒರಗಿದರು.

ಹೊರಗೆ ಬೆಂಚಿನ ಮೇಲೆ ಕೂತು ಮಾಮನಿಗೆ ಕಾಯುತ್ತಿದ್ದೆವು. ಅತ್ತೆ ನನ್ನ ಮಣಿಕಟ್ಟು ಹಿಡಿದರು. ಬೆರಳು ಒರಟು, ಹಿಡಿತ ಗಟ್ಟಿ.

"ಗಡ್ಡೆ ವಿಷಯ ನೀನೇ ಹೇಳ್ಬುಡು, ನನ್ ಕೈಲಾಗಲ್ಲ. ಆಮೇಲೆ ಹೇಳಿದ್ರಲ್ಲ ಡಾಕ್ಟ್ರು, ಅದು ಬ್ಯಾಡ."

"ಯಾವುದು ಅತ್ತೆ?"

"ಸಂಬಂಧ ಇಲ್ಲ ಅಂದ್ರಲ್ಲ, ಅದು. ಇದ್ರಿಂದಲೇ ಅಂತ ಇರ್ಲಿ."

ಅವರು ನನ್ನ ಕೈ ಬಿಡಲಿಲ್ಲ.

"ಒಂದು ಸಲ ಬರ್ದು ಹಾಳ್ಮಾಡ್ದೆ. ಈ ಸಲ ಬರೀಬ್ಯಾಡ" ಅಂದರು. ನಗುತ್ತಾ ಅಂದರು. ಎರಡು ವರ್ಷದಲ್ಲಿ ಆ ವಿಷಯ ಎತ್ತಿದ್ದು ಅದೊಂದೇ ಸಲ.

ಮಾಮನಿಗೆ ಗಡ್ಡೆಯ ವಿಷಯವನ್ನಷ್ಟೇ ಹೇಳಿದೆ. ಮನೆಗೆ ಬಂದ ಮೇಲೆ ನಡೆದದ್ದನ್ನು ನೋಡಬೇಕಿತ್ತು. ಊರಿಗೆ ಊರೇ ಬಂತು. ಹಾರ್ಲಿಕ್ಸ್, ಸೇಬು, ಎಳನೀರು. ಶೆಡ್ಡಿನ ಮಾಲೀಕರು ತಾವೇ ಬಂದು ನಿಂತು, ಕೆಲಸದ ಯೋಚನೆ ಬೇಡ ಅಂದರು. ಕಾಲಿನ ಹತ್ತಿರ ಇಡಲು ಒಂದು ಫ್ಯಾನ್ ಕಳಿಸಿದರು. ಬಂದವರೆಲ್ಲ ಮಂಚದ ಪಕ್ಕ ಕೂತು ನೋವಿದೆಯಾ ಅಂತ ಕೇಳುತ್ತಿದ್ದರು. ಅತ್ತೆ ಹೇಳುತ್ತಿದ್ದರು. ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದರು. ಪಾದದ ಉರಿ, ಭುಜದ ಭಾರ, ಸೀರೆ ತಾಗಿದರೂ ಆಗದ್ದು. ಗಡ್ಡೆಗೆ ನೋವೇ ಇರಲಿಲ್ಲ. ಅವರು ಹೇಳುತ್ತಿದ್ದದ್ದೆಲ್ಲ ಆ ಹಳೆಯ, ಹೆಸರಿಲ್ಲದ ನೋವು. ಅದೇ ಮಾತುಗಳು, ಅದೇ ಕಾಲು. ಈಗ ಎಲ್ಲರೂ ತಲೆಯಾಡಿಸಿದರು. ಹೌದಲ್ಲ ಪಾಪ, ಒಳಗೆ ಅಷ್ಟು ದೊಡ್ಡದು ಇದ್ದರೆ ಉರಿಯದೆ ಇರುತ್ತದಾ ಅಂದರು. ಒಬ್ಬರು ಅತ್ತರು. ಜೋಡಿ ಅಕ್ಕ ಮಾತ್ರ ಬಾಗಿಲಲ್ಲಿ ನಿಂತು ನನ್ನನ್ನು ಒಮ್ಮೆ ನೋಡಿದರು. ಗೊತ್ತಿತ್ತೋ ಇಲ್ಲವೋ, ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಮಾಮ ಕೆಲಸಕ್ಕೆ ಹೋಗುವುದು ಬಿಟ್ಟರು. ಮಂಚದ ಕಾಲುಗಡೆ ಒಂದು ಸ್ಟೂಲ್ ಹಾಕಿಕೊಂಡು, ಒದ್ದೆ ಬಟ್ಟೆ ಹಿಂಡಿ ಹಿಂಡಿ ಪಾದಕ್ಕೆ ಸುತ್ತುತ್ತಿದ್ದರು. ಬಿಸಿಯಾಯ್ತಾ, ಬದಲಾಯಿಸಲಾ ಅಂತ ಕೇಳುತ್ತಿದ್ದರು. ಬಟ್ಟೆ ಬಿಸಿಯಾಗಿರುತ್ತಿರಲಿಲ್ಲ. ಆದರೂ ಬದಲಾಯಿಸುತ್ತಿದ್ದರು. ನಾನು ಒಂದು ಸಂಜೆ ಹೋದಾಗ ಅತ್ತೆ ನಿದ್ದೆ ಹೋಗಿದ್ದರು, ಮಾಮ ಎರಡೂ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು ಅಲ್ಲಾಡದೆ ಕೂತಿದ್ದರು. ಎದ್ದರೆ ಎಚ್ಚರವಾಗುತ್ತದೆ ಅಂತ ಕಣ್ಣಿನಲ್ಲೇ ನನಗೆ ಹೋಗು ಅಂದರು. ಐದು ತಿಂಗಳು ಹೀಗೇ ನಡೆಯಿತು. ಅತ್ತೆ ಕೇಳಿದ್ದು ಮೂರು ತಿಂಗಳು.

ಹದಿನಾರನೇ ದಿನದ ಕಾರ್ಯ ಮುಗಿದು, ಬಂದವರು ಎಲೆ ಎತ್ತಿ ಕೈ ತೊಳೆಯುತ್ತಿದ್ದರು. ಮಾಮ ನನ್ನನ್ನು ಹಿತ್ತಲಿಗೆ ಕರೆದರು.

"ಅಮ್ಮಣಿ, ನೀ ಓದ್ದೋಳು. ಡಾಕ್ಟ್ರು ಹತ್ರ ನೀನೇ ಇದ್ದೆ. ಅಷ್ಟು ವರ್ಷ ಕಾಲುರಿ ಕಾಲುರಿ ಅಂದ್ಳಲ್ಲ, ಅದು ಈ ಗಡ್ಡೆನೇ ತಾನೆ?"

ಹೌದು ಅಂದರೆ, ಆಗಲೇ ಗೊತ್ತಾಗಿದ್ದರೆ ಉಳಿಸಬಹುದಿತ್ತು ಅಂತ ಈ ಮನುಷ್ಯ ಸಾಯುವ ತನಕ ಕೊರಗುತ್ತಾರೆ. ಇ‌ಲ್ಲ ಅಂದರೆ, ಆ ಅಷ್ಟೂ ವರ್ಷ ಮತ್ತೆ ಮನಸು ಆಗಿಬಿಡುತ್ತದೆ. ಮಣಿಕಟ್ಟು ಹಿಡಿದವರು ಈಗ ಇಲ್ಲ. ಮಾಮ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಹೂಂ ಮಾಮ. ಅದೇ."

ಅವರು ಹಿತ್ತಲ ಗೋಡೆಗೆ ಕೈ ಊರಿದರು. "ಹಂಗಾದ್ರೆ ಅವಳು ಸುಳ್ಳು ಹೇಳಿಲ್ಲ."

"ಇಲ್ಲ ಮಾಮ" ಅಂದೆ. "ಒಂದಿನಾನೂ ಹೇಳಿಲ್ಲ."